ಎಸ್‌ಎಸ್ ಕ್ಲೊಂಡೈಕ್ ಮಾದರಿ ಕಟ್ಟಿದ್ದು: ಬೆನ್ನು ಬಾಗಿದ ಮೊದಲ ದೋಣಿಯಿಂದ ತುಂಗೆಯ ನೀರಿನವರೆಗೆ

ಕೆನಡಾದ ಒಂದು ಹಳೇ ಹಬೆ ಹಡಗಿನ ಸಣ್ಣ ಮಾದರಿ ಕಟ್ಟುವ, ಐದು ತಿಂಗಳು ಹಿಡಿದ ಕೆಲಸ ಹೋದ ವಾರ ಒಂದು ಹಂತಕ್ಕೆ ಬಂತು. ಡೈರಿಯಲ್ಲಿ ಗೀಚಿಕೊಂಡಿದ್ದನ್ನೆಲ್ಲ ಇಲ್ಲಿ ಸೇರಿಸಿ ಬರೀತಿದ್ದೇನೆ. ಈ ಥರದ ದೋಣಿ ಮಾಡಲು ಹೊರಟವರಿಗೆ ನನ್ನ ಅಳತೆಗಳಿಗಿಂತ ನನ್ನ ತಪ್ಪುಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ ಅಂತ ನನ್ನ ನಂಬಿಕೆ. ಆದ್ದರಿಂದ ಅವನ್ನೇ ಬಿಡಿಸಿ ಬರೆದಿದ್ದೇನೆ.

2019ರ ಜುಲೈನಲ್ಲಿ ಕೆನಡಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳು ನಮ್ಮನ್ನು ಉತ್ತರದ ಯೂಕಾನ್ ಪ್ರದೇಶದ ವೈಟ್‌ಹಾರ್ಸ್ ಊರಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಯೂಕಾನ್ ನದಿಯ ದಡದಲ್ಲಿ, ನೆಲದ ಮೇಲೆ, ಬಿಳಿ ಬಣ್ಣದ ಒಂದು ದೊಡ್ಡ ಮರದ ಹಡಗು ನಿಂತಿದೆ. ಹೆಸರು ಎಸ್‌ಎಸ್ ಕ್ಲೊಂಡೈಕ್. ಹಿಂಭಾಗದಲ್ಲಿ ಅಗಲವಾದ ಒಂದು ದೊಡ್ಡ ಚಕ್ರ. ಇಂಥವನ್ನು ಅಲ್ಲಿ ಸ್ಟರ್ನ್‌ವೀಲರ್ ಅಂತಾರೆ. ನಾನು ಮೂವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿದವನು. ಆ ಚಕ್ರಕ್ಕೆ ಎರಡೂ ಕಡೆಯಿಂದ ಬಂದ ಉದ್ದನೆಯ ಕನೆಕ್ಟಿಂಗ್ ರಾಡ್ ನೋಡಿ ಅಲ್ಲೇ ಒಂದು ಗಂಟೆ ನಿಂತುಬಿಟ್ಟೆ. ನೂರಾರು ಫೋಟೋ ತೆಗೆದೆ. ಯಾವತ್ತಾದರೂ ಇದನ್ನು ಮಾಡಬೇಕು ಅಂತ ಅವತ್ತೇ ಅಂದುಕೊಂಡಿದ್ದೆ. ನಿವೃತ್ತಿ ಆದ ಮೇಲೆ ಶಿವಮೊಗ್ಗದ ಮನೆಯ ಹಿಂದಿನ ಶೆಡ್ಡಿನಲ್ಲಿ ಕೈಹಾಕಿದೆ.

ನವೆಂಬರ್ 9, 2024: ಅಳತೆ

ನಿಜವಾದ ಹಡಗು 64 ಮೀಟರ್ ಉದ್ದ, ಅಗಲ ಸುಮಾರು 12.5 ಮೀಟರ್. 1:64 ಅಂತ ಇಟ್ಟುಕೊಂಡರೆ ಉದ್ದ ಸರಿಯಾಗಿ 1 ಮೀಟರ್, ಅಗಲ 19.5 ಸೆಂಟಿಮೀಟರ್. ಲೆಕ್ಕ ಸುಲಭ, ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗಲೂ ಆಗುತ್ತದೆ.

ಕಷ್ಟ ಇರುವುದು ಆಳದಲ್ಲಿ. ಈ ಹಡಗು 300 ಟನ್ನಿಗಿಂತ ಹೆಚ್ಚು ಸರಕು ಹೊರುತ್ತಿತ್ತು. ಆದರೂ ಆಳು ಇಳಿದರೆ ಎದೆಮಟ್ಟ ಬರುವಂಥ ನೀರಲ್ಲಿ ತೇಲಬೇಕಿತ್ತು. ಯೂಕಾನ್ ನದಿ ಉದ್ದವೇ ಹೊರತು ಎಲ್ಲ ಕಡೆ ಆಳ ಇಲ್ಲ. ಮರಳು ದಿಬ್ಬ ವರ್ಷ ವರ್ಷ ಜಾಗ ಬದಲಿಸುತ್ತವೆ. ಅದಕ್ಕೇ ತಳ ಚಪ್ಪಟೆ, ಒಡಲು ತೆಳು. ಸಮುದ್ರದ ಹಡಗಿನ ಹಾಗೆ ಕೆಳಗೆ ಫ್ಯಾನ್ ಇಟ್ಟರೆ ಮೊದಲ ದಿಬ್ಬಕ್ಕೇ ಒಡೆದು ಹೋಗುತ್ತದೆ, ಹಾಗಾಗಿ ಚಕ್ರ ಹಿಂದೆ, ನೀರಿನ ಮೇಲ್ಮೈಯಲ್ಲಿ. ಈ ಹಡಗಿನ ಒಂದೊಂದು ಭಾಗವೂ ನೀರು ಕಮ್ಮಿ ಇದೆ ಅನ್ನುವ ಒಂದೇ ಕಾರಣಕ್ಕೆ ಆ ಆಕಾರಕ್ಕೆ ಬಂದಿದೆ. ಇದು ನನಗೆ ಕಾಗದದ ಮೇಲೆ ಗೊತ್ತಿತ್ತು. ಕೈಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ನನ್ನ ಲೆಕ್ಕ ಹೀಗೆ: ಮಾದರಿಯ ತಳದ ವಿಸ್ತೀರ್ಣ ಸುಮಾರು 1,500 ಚದರ ಸೆಂಟಿಮೀಟರ್. ಅಂದರೆ ಒಂದು ಸೆಂಟಿಮೀಟರ್ ಮುಳುಗಿದರೆ ಒಂದೂವರೆ ಕೆಜಿ ಹೊರುತ್ತದೆ. ನಾನು 1.8 ಸೆಂಟಿಮೀಟರಿಗಿಂತ ಹೆಚ್ಚು ಮುಳುಗಬಾರದು ಅಂತ ಗೆರೆ ಹಾಕಿಕೊಂಡೆ. ಅಲ್ಲಿಗೆ ಎಲ್ಲಾ ಸೇರಿ 2.7 ಕೆಜಿ.

ನವೆಂಬರ್ 10ರಿಂದ 24: ಮೊದಲ ಒಡಲು

4 ಎಂಎಂ ಪ್ಲೈವುಡ್ಡಿನಲ್ಲಿ ಅಡ್ಡ ಪಟ್ಟಿ 14, ಆರೂವರೆ ಸೆಂಟಿಮೀಟರಿಗೆ ಒಂದರಂತೆ. ಎತ್ತರ 2.8 ಸೆಂಟಿಮೀಟರ್. ತಳಕ್ಕೆ 3 ಎಂಎಂ ಪ್ಲೈ, ಪಕ್ಕಕ್ಕೆ 2 ಎಂಎಂ ಬಾಲ್ಸಾ ಅನ್ನುವ ಹಗುರ ಮರ. ಅಂಟಿಸಲು ಎಪಾಕ್ಸಿ. ಮೂತಿಯ ಹತ್ತಿರ ತಳದ ಹಲಗೆಯನ್ನು ಮೇಲಕ್ಕೆ ಬಗ್ಗಿಸಬೇಕು. ಒಣ ಹಲಗೆ ಬಗ್ಗಿಸಲು ಹೋಗಿ ಎರಡು ತುಂಡು ಮುರಿದೆ. ಮೂರನೆಯದನ್ನು ಕುದಿಯುವ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಒಂದು ಬಾಟಲಿಗೆ ಕಟ್ಟಿ ರಾತ್ರಿಯಿಡೀ ಬಿಟ್ಟೆ. ಬಾಗಿತು.

ಇಲ್ಲಿ ಮಾಡಿದ ದೊಡ್ಡ ತಪ್ಪನ್ನು ಈಗಲೇ ಹೇಳಿಬಿಡುತ್ತೇನೆ. ಅಡ್ಡ ಪಟ್ಟಿಗಳನ್ನಷ್ಟೇ ಹಾಕಿದೆ. ಮೂತಿಯಿಂದ ಹಿಂಬದಿಯವರೆಗೆ ಉದ್ದಕ್ಕೆ ಹೋಗುವ ತೊಲೆ ಹಾಕಲಿಲ್ಲ. ತೂಕ ಉಳಿಯುತ್ತದೆ ಅಂದುಕೊಂಡೆ.

ಇನ್ನೊಂದು ತಪ್ಪು ಇದರ ಜೊತೆಗೇ ಆಯಿತು. ಫೋಟೋಗಳಲ್ಲಿ ಹಡಗಿನ ನಡುವೆ ಸಾಲಾಗಿ ಕಂಬಗಳಿದ್ದವು, ಅವುಗಳ ನೆತ್ತಿಯ ಮೇಲಿಂದ ಮುಂದಕ್ಕೂ ಹಿಂದಕ್ಕೂ ಇಳಿಜಾರಾಗಿ ಹೋದ ಕಬ್ಬಿಣದ ಸರಳುಗಳಿದ್ದವು. ಧ್ವಜಕ್ಕೋ ದೀಪಕ್ಕೋ ಇರಬೇಕು, ಕೊನೆಗೆ ನೋಡಿದರಾಯಿತು ಅಂತ ಬಿಟ್ಟೆ.

ಡಿಸೆಂಬರ್ 1ರಿಂದ 8: ಚಕ್ರ

ಫೋಟೋದಲ್ಲಿ ಆಳಿನ ಎತ್ತರಕ್ಕೆ ಹೋಲಿಸಿ ಚಕ್ರಕ್ಕೆ 9 ಸೆಂಟಿಮೀಟರ್ ವ್ಯಾಸ ಇಟ್ಟೆ. ಅಷ್ಟು ಸಣ್ಣದರಲ್ಲಿ ಎಲ್ಲಾ ಹಲಗೆ ಕೂರಿಸಲು ಜಾಗ ಸಾಲಲ್ಲ. 12ಕ್ಕೆ ನಿಲ್ಲಿಸಿದೆ. ಹಲಗೆಗಳು 1.5 ಎಂಎಂ ಪ್ಲೈ, ಕಡ್ಡಿಗಳು 3 ಎಂಎಂ ಬೀಚ್ ಮರ. ನಡುವಿನ ಶಾಫ್ಟ್ 4 ಎಂಎಂ ಸ್ಟೀಲ್, ಹಿತ್ತಾಳೆಯ ಬುಷ್ ಮನೆಯ ಸಣ್ಣ ಲೇತಿನಲ್ಲೇ ತಿರುವಿದೆ.

ಕಡ್ಡಿಗಳನ್ನು ಒಂದೊಂದಾಗಿ ಅಂಟಿಸಿದರೆ ಚಕ್ರ ಖಂಡಿತ ಸೊಟ್ಟ ಬರುತ್ತದೆ. ಬಂತು. ಮೊದಲ ಚಕ್ರದಲ್ಲಿ 3 ಎಂಎಂ ಓಲಾಟ. ಆಮೇಲೆ ಒಂದು ಹಲಗೆಯ ಮೇಲೆ ವೃತ್ತ ಬರೆದು, 30 ಡಿಗ್ರಿಗೊಂದು ಮೊಳೆ ಹೊಡೆದು, ಮೊಳೆಗಳ ನಡುವೆ ಕಡ್ಡಿ ಇಟ್ಟು ಅಂಟಿಸಿದೆ. ಓಲಾಟ ಅರ್ಧ ಎಂಎಂಗೆ ಇಳಿಯಿತು. ಒಂದು ಸಂಜೆಯ ಕೆಲಸ ಉಳಿಸಲು ಹೋಗಿ ಮೂರು ಸಂಜೆ ಹೋಯಿತು.

ಡಿಸೆಂಬರ್ 15ರಿಂದ 29: ರಾಡುಗಳು

ನಿಜವಾದ ಹಡಗಿನಲ್ಲಿ ಎರಡು ಹಬೆ ಎಂಜಿನ್, ಎಡಕ್ಕೊಂದು ಬಲಕ್ಕೊಂದು, ಮಲಗಿಸಿದ ಹಾಗೆ. ಪಿಸ್ಟನ್ ಹಿಂದೆ ಮುಂದೆ ಓಡುತ್ತದೆ, ಪಿಟ್‌ಮನ್ ಅನ್ನುವ ಉದ್ದ ರಾಡು ಅದನ್ನು ಚಕ್ರದ ಕ್ರ್ಯಾಂಕಿಗೆ, ಅಂದರೆ ಚಕ್ರ ತಿರುಗಿಸುವ ಹಿಡಿಗೆ, ಮುಟ್ಟಿಸುತ್ತದೆ. ನನ್ನದರಲ್ಲಿ ಹಬೆ ಇಲ್ಲ. 12 ವೋಲ್ಟಿನ ಗೇರ್ ಮೋಟಾರ್ ಒಂದು ಅಡ್ಡ ಶಾಫ್ಟನ್ನು ತಿರುಗಿಸುತ್ತದೆ, ಆ ಶಾಫ್ಟಿನ ಎರಡೂ ತುದಿಗೆ ಕ್ರ್ಯಾಂಕ್, ಅಲ್ಲಿಂದ 24 ಸೆಂಟಿಮೀಟರ್ ಉದ್ದದ ಹಿತ್ತಾಳೆ ಪಟ್ಟಿ ಹಿಂದಿನ ಚಕ್ರಕ್ಕೆ. ರೈಲು ಎಂಜಿನ್ನಿನ ಗಾಲಿಗಳ ನಡುವೆ ಇರುವ ರಾಡಿನ ಹಾಗೆ. ಬೆಲ್ಟ್ ಹಾಕಿ ಚಕ್ರ ತಿರುಗಿಸಿ, ರಾಡನ್ನು ಸುಮ್ನೆ ಅಂದಕ್ಕೆ ಅಂಟಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಆ ರಾಡು ನೋಡಿಯೇ ಅಲ್ವಾ ಈ ಕೆಲಸಕ್ಕೆ ಇಳಿದಿದ್ದು, ಅದೇ ಚಕ್ರ ತಿರುಗಿಸಬೇಕು.

ಮೊದಲು ಎರಡು ಕ್ರ್ಯಾಂಕನ್ನೂ ಒಂದಕ್ಕೊಂದು ಎದುರುಬದುರಾಗಿ, 180 ಡಿಗ್ರಿಗೆ ಕೂರಿಸಿದೆ. ತೂಕ ಸಮ ಆಗುತ್ತದೆ ಅನ್ನುವ ಲೆಕ್ಕ. ಮೋಟಾರ್ ಹಾಕಿದರೆ ಚಕ್ರ ಅರ್ಧ ಸುತ್ತು ಬಂದು ನಿಂತುಬಿಡುತ್ತದೆ, ಇಲ್ಲವೇ ಟಕ್ ಅಂತ ಉಲ್ಟಾ ತಿರುಗುತ್ತದೆ. ಎರಡು ರಾಡೂ ಒಂದೇ ಸಮಯಕ್ಕೆ ಶಾಫ್ಟಿನ ನೇರಕ್ಕೆ ಬಂದಾಗ ತಳ್ಳುವವರೇ ಇಲ್ಲ. ಒಂದನ್ನು ಬಿಚ್ಚಿ 90 ಡಿಗ್ರಿಗೆ ತಿರುಗಿಸಿ ಕೂರಿಸಿದೆ. ಒಂದು ರಾಡು ಸುಮ್ಮನಿರುವಾಗ ಇನ್ನೊಂದು ಪೂರ್ತಿ ಜೋರಿನಲ್ಲಿ ತಳ್ಳುತ್ತಿರುತ್ತದೆ. ಚಕ್ರ ನಯವಾಗಿ ತಿರುಗಿತು. ಆ ಹಡಗುಗಳಲ್ಲೂ ಎರಡು ಕ್ರ್ಯಾಂಕು 90 ಡಿಗ್ರಿಯಲ್ಲೇ ಇದ್ದವು. ನನ್ನ ಫೋಟೋದಲ್ಲೂ ಹಾಗೇ ಇತ್ತು, ನಾನೇ ನೋಡಿರಲಿಲ್ಲ.

ಆದರೂ ಸುತ್ತಿಗೊಮ್ಮೆ ಸಣ್ಣಗೆ ಹಿಡಿಯುತ್ತಿತ್ತು. ವರ್ನಿಯರ್ ಹಿಡಿದು ನೋಡಿದರೆ ಎಡ ರಾಡಿನ ತೂತುಗಳ ಅಂತರ ಬಲಕ್ಕಿಂತ 0.7 ಎಂಎಂ ಜಾಸ್ತಿ. ಎರಡನ್ನೂ ಎಸೆದು, ಹೊಸ ಪಟ್ಟಿಗಳೆರಡನ್ನು ಒಂದರ ಮೇಲೊಂದು ಇಟ್ಟು ಬಿಗಿದು, ಒಂದೇ ಸಲಕ್ಕೆ ತೂತು ಹೊಡೆದೆ. ಇಂಥ ಜೋಡಿ ಭಾಗಗಳನ್ನು ಯಾವತ್ತೂ ಬೇರೆ ಬೇರೆಯಾಗಿ ಕೊರೆಯಬೇಡಿ.

ಜನವರಿ 4, 2025: ತೊಟ್ಟಿಗೆ ಬಿಟ್ಟೆ

ಹಿತ್ತಲಿನ ಸಿಮೆಂಟ್ ತೊಟ್ಟಿಗೆ ನೀರು ತುಂಬಿಸಿ ಇಳಿಸಿದೆ. ಅದಕ್ಕೂ ಮುಂಚೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದೆ: 3.45 ಕೆಜಿ. ಮೇಲಿನ ಅಂತಸ್ತುಗಳನ್ನೂ 3 ಎಂಎಂ ಪ್ಲೈನಲ್ಲಿ ಮಾಡಿದ್ದರ ಫಲ. ಮುಳುಗಿದ್ದು 2.3 ಸೆಂಟಿಮೀಟರ್. ಹಲಗೆಗಳು ನೀರಿಗೆ ಒಂದು ಸೆಂಟಿಮೀಟರ್ ಇಳಿಯಬೇಕಾದ ಕಡೆ ಒಂದೂವರೆ ಇಳಿದಿದ್ದವು. ಚಕ್ರ ದೋಣಿಯನ್ನು ತಳ್ಳುವುದು ಬಿಟ್ಟು ನೀರನ್ನು ಎತ್ತಿ ಹಿಂದಕ್ಕೆ ಎರಚುತ್ತಿತ್ತು. ಸದ್ದು ಜೋರು, ಓಟ ಇಲ್ಲ.

ಸರಿ, ತೂಕ ಇಳಿಸೋಣ ಅಂದುಕೊಂಡು ದೋಣಿಯನ್ನು ಎರಡು ದಿನ ನೀರಲ್ಲೇ ಬಿಟ್ಟೆ, ಎಲ್ಲಾದರೂ ಜಿನುಗುತ್ತದಾ ನೋಡಲು. 6ನೇ ತಾರೀಕು ಬೆಳಿಗ್ಗೆ ಬಂದು ನೋಡಿದರೆ ದೋಣಿಯ ಬೆನ್ನು ಉಬ್ಬಿದೆ. ನಡುಭಾಗ ಮೇಲೆ, ಮೂತಿ ಮತ್ತು ಹಿಂಬದಿ ಕೆಳಗೆ. ನನ್ನ ಕಣ್ಣಿಗೆ ಹಾಗೆ ಕಾಣುತ್ತಿದೆಯೋ ಏನೋ ಅಂತ ದಾರ ಹಿಡಿದೆ. ಎರಡೂ ತುದಿಗೆ 20 ಎಂಎಂ ಎತ್ತರದ ಗುಂಡುಸೂಜಿ ಚುಚ್ಚಿ ದಾರ ಎಳೆದು ಕಟ್ಟಿ ನಡುವೆ ಅಳೆದೆ. 20 ಇರಬೇಕಾದ್ದು 14. ಆರು ಮಿಲಿಮೀಟರ್ ಬಾಗಿದೆ. ತಳ ಮತ್ತು ಪಕ್ಕ ಸೇರುವಲ್ಲಿ ಬಿರುಕು ಬಿಟ್ಟು ಒಳಗೆ ಒಂದು ಲೋಟದಷ್ಟು ನೀರು.

ಕಾರಣ ಕಂಡುಕೊಳ್ಳಲು ಕಷ್ಟ ಆಗಲಿಲ್ಲ. ಹಿಂಬದಿಯಲ್ಲಿ ಚಕ್ರ, ಮೋಟಾರ್, ಶಾಫ್ಟ್ ಸೇರಿ 530 ಗ್ರಾಂ. ಅದಕ್ಕೆ ಸಮ ಮಾಡಲು ಮೂತಿಯ ಕಡೆ, ನಿಜವಾದ ಹಡಗಿನ ಬಾಯ್ಲರ್ ಇರುವ ಜಾಗದಲ್ಲಿ, ಮನೆಯಲ್ಲಿದ್ದ ಹಳೇ ಲೆಡ್ ಬ್ಯಾಟರಿ ಇಟ್ಟಿದ್ದೆ, 570 ಗ್ರಾಂ. ನಡುವೆ ಖಾಲಿ. ನೀರು ಖಾಲಿ ನಡುವನ್ನು ಮೇಲಕ್ಕೆ ಒತ್ತುತ್ತದೆ, ತೂಕದ ತುದಿಗಳು ಕೆಳಗೆ ಇಳಿಯುತ್ತವೆ. ಮೂರು ಸೆಂಟಿಮೀಟರೂ ಇಲ್ಲದ ಒಡಲು ಏನು ತಾನೆ ತಡೆದೀತು.

ಜನವರಿ 14: ಆ ಕಂಬಗಳು

ಸಂಕ್ರಾಂತಿ ದಿನ ಊಟ ಆದ ಮೇಲೆ ಫೋಟೋಗಳನ್ನು ಟಿವಿಗೆ ಹಾಕಿ ಒಂದೊಂದಾಗಿ ನೋಡಿದೆ. ಆ ಕಂಬ, ಆ ಸರಳು. ಸರಳು ಮೂತಿಯ ಹತ್ತಿರ ಒಡಲಿನಿಂದ ಹೊರಟು, ಕಂಬಗಳ ನೆತ್ತಿ ಹತ್ತಿ ಹೋಗಿ, ಹಿಂದೆ ಚಕ್ರದ ಬುಡದ ಹತ್ತಿರ ಮತ್ತೆ ಒಡಲಿಗೇ ಬಂದು ಸೇರುತ್ತದೆ. ನಡುವೆ ಬಿಗಿ ಮಾಡುವ ತಿರುಪು. ಅದು ಅಂದಕ್ಕೆ ಇಟ್ಟಿದ್ದಲ್ಲ. ಜೋತುಬೀಳುವ ಎರಡೂ ತುದಿಗಳನ್ನು ಮೇಲಕ್ಕೆ ಎಳೆದು ಹಿಡಿದಿರುವ ಬೆನ್ನೆಲುಬು. ಅದನ್ನು ಹಾಗ್ ಚೈನ್ ಅಂತಾರೆ, ಕಂಬವನ್ನು ಹಾಗ್ ಪೋಸ್ಟ್ ಅಂತಾರೆ. ಹಡಗಿನ ತುದಿಗಳು ಜೋತು ನಡು ಉಬ್ಬುವುದಕ್ಕೆ ಇಂಗ್ಲಿಷಿನಲ್ಲಿ ಹಾಗಿಂಗ್ ಅಂತ ಹೆಸರು.

ಆಳ ಇಲ್ಲದ ನೀರಿಗೆ ಒಡಲು ತೆಳುವಾಗಬೇಕು. ತೆಳು ಒಡಲಿಗೆ ತನ್ನ ಬೆನ್ನನ್ನು ತಾನೇ ಹಿಡಿದುಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಆ ಶಕ್ತಿಯನ್ನು ಒಡಲಿನಿಂದ ಹೊರಗೆ, ಮೇಲೆ, ಕಂಬ ಸರಳುಗಳಲ್ಲಿ ಇಟ್ಟರು. ಸೇತುವೆ ಕಟ್ಟುವವರ ಬುದ್ಧಿ ಅದು. ನಾನು ಬಿಟ್ಟದ್ದು ಅದನ್ನೇ. ಈ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ದಿನ ಯಾವುದು ಅಂದರೆ ಇದೇ, ದೋಣಿ ಹಾಳಾಗಿ ಬಿದ್ದಿದ್ದಾಗ.

ಜನವರಿ 18ರಿಂದ 20: ಬಾಗಿದ ದೋಣಿಗೇ ಸರಳು ಹಾಕಲು ಹೋದೆ

ಆತುರ. ಹಳೇ ಒಡಲನ್ನೇ ಒಣಗಿಸಿ ಬಿರುಕು ತುಂಬಿ, ನಡುವೆ ಆರು ಕಂಬ ನೆಟ್ಟು, ತಂತಿ ಎಳೆದು ಬಿಗಿಸಿದೆ. ಎರಡು ಎಂಎಂ ಮೇಲೆ ಬಂತು. ಇನ್ನೊಂದು ಸುತ್ತು ಬಿಗಿಸಿದೆ. ಚಟ್ ಅಂತ ಸದ್ದಾಗಿ ನಡುವಿನ ಕಂಬದ ಕಾಲು ತಳದ ಪ್ಲೈ ತೂರಿಕೊಂಡು ಕೆಳಗೆ ಹೋಯಿತು. ತಂತಿ ತುದಿಗಳನ್ನು ಎಷ್ಟು ಮೇಲಕ್ಕೆ ಎಳೆಯುತ್ತದೋ ಕಂಬವನ್ನು ಅಷ್ಟೇ ಕೆಳಕ್ಕೆ ಒತ್ತುತ್ತದೆ. ಕಂಬದ ಬುಡದಲ್ಲಿ ಉದ್ದಕ್ಕೆ ಓಡುವ ತೊಲೆ ಇರಬೇಕು. ನವೆಂಬರಿನಲ್ಲಿ ತೂಕ ಉಳಿಸಲು ಬಿಟ್ಟ ತೊಲೆ. ಆ ಒಡಲನ್ನು ಅಲ್ಲಿಗೆ ಕೈಬಿಟ್ಟೆ. ಈಗಲೂ ಶೆಡ್ಡಿನ ಅಟ್ಟದ ಮೇಲಿದೆ, ತೂತಿನ ಸಮೇತ.

ನಿಜವಾದ ಹಡಗಿನ ಕತೆಯೂ ಎರಡನೇ ಒಡಲಿನದೇ. ಬ್ರಿಟಿಷ್ ಯೂಕಾನ್ ನ್ಯಾವಿಗೇಷನ್ ಕಂಪನಿ 1929ರಲ್ಲಿ ಮೊದಲ ಕ್ಲೊಂಡೈಕ್ ಕಟ್ಟಿಸಿತು. 1936ರಲ್ಲಿ ಅದು ಲೆಬಾರ್ಜ್ ಸರೋವರದ ಕೆಳಗಿನ ಥರ್ಟಿ ಮೈಲ್ ಅನ್ನುವ ಇಕ್ಕಟ್ಟಾದ, ಸುತ್ತಿ ಬಳಸಿ ಹರಿಯುವ ಭಾಗದಲ್ಲಿ ಹೊಡೆದು ಮುಳುಗಿತು. ಯಂತ್ರಭಾಗಗಳನ್ನು ಬಿಚ್ಚಿ ತಂದು, 1937ರಲ್ಲಿ ವೈಟ್‌ಹಾರ್ಸಿನಲ್ಲೇ ಅದೇ ಅಚ್ಚಿನ ಎರಡನೆಯದನ್ನು ಕಟ್ಟಿದರು. ಈಗ ದಡದ ಮೇಲಿರುವುದು ಆ ಎರಡನೆಯದು. ನಾನೂ ಚಕ್ರ, ರಾಡು, ಶಾಫ್ಟ್ ಎಲ್ಲಾ ಬಿಚ್ಚಿಟ್ಟುಕೊಂಡು ಹೊಸ ಒಡಲಿಗೆ ಇಳಿದೆ.

ಜನವರಿ 22ರಿಂದ ಫೆಬ್ರವರಿ 12: ಎರಡನೇ ಒಡಲು

ಬದಲಾವಣೆಗಳು ಮೂರು. ಒಂದು, ಉದ್ದಕ್ಕೆ ಎರಡು ತೊಲೆ, 5 ಎಂಎಂ ದಪ್ಪದ ಸಿಲ್ವರ್ ಓಕ್ ಪಟ್ಟಿ. ಇಲ್ಲಿಯ ಸಾಮಿಲ್ಲಿನಲ್ಲಿ ತುಂಡು ಬಿದ್ದದ್ದನ್ನು ಹಾಗೇ ಕೊಟ್ಟರು. ಅಡ್ಡ ಪಟ್ಟಿಗಳಿಗೆ ಕಚ್ಚು ಹಾಕಿ ಇದನ್ನು ಕೂರಿಸಿದೆ. ಎರಡು, ತಳದ ಪ್ಲೈ 3ರಿಂದ 1.5 ಎಂಎಂಗೆ ಇಳಿಸಿ ಹೊರಗಿನಿಂದ ತೆಳುವಾದ ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿ. ಉಪ್ಪು ಕಾಗದ 120, ಆಮೇಲೆ 320. ಮೂರು, ಲೆಡ್ ಬ್ಯಾಟರಿ ತೆಗೆದು 180 ಗ್ರಾಮಿನ ಲಿಥಿಯಂ ಬ್ಯಾಟರಿ.

ಹಾಗ್ ಪೋಸ್ಟ್ ಸಾಲು ಎರಡು, ಎಡ ತೊಲೆಯ ಮೇಲೊಂದು ಬಲ ತೊಲೆಯ ಮೇಲೊಂದು. ಸಾಲಿಗೆ ಮೂರು ಕಂಬ, ಎತ್ತರ 5, 7, 5 ಸೆಂಟಿಮೀಟರ್. ತಂತಿಗೆ ಸೈಕಲ್ ಬ್ರೇಕಿನ ಒಳ ಕೇಬಲ್. ಬಿಗಿ ಮಾಡುವ ತಿರುಪು ಅಂಗಡಿಯಲ್ಲಿ ಸಿಗುವುದು ಬೆರಳಿನ ಗಾತ್ರದ್ದು, ಇಲ್ಲಿಗೆ ಆಗಲ್ಲ. ಎರಡು ದಿನ ಯೋಚಿಸಿದ ಮೇಲೆ ಸೈಕಲ್ ಕಡ್ಡಿ ನೆನಪಾಯಿತು. ಗಾಲಿಯ ರಿಮ್ಮನ್ನು ಎಳೆದು ಹಿಡಿಯುವುದೇ ಅದರ ಕೆಲಸ ಅಲ್ವಾ. ಸೈಕಲ್ ಶಾಪಿಗೆ ಹೋಗಿ ನಾಲ್ಕು ಕಡ್ಡಿ, ಅದರ ತುದಿಗೆ ಹಾಕಿ ಬಿಗಿಸುವ ನಟ್ಟು ನಾಲ್ಕು ನಿಪ್ಪಲ್ ಕೇಳಿದೆ. "ಗಾಲಿ ತಂದಿಲ್ವಲ್ಲ ಸಾರ್, ಯಾವ ಸೈಜು ಅಂತ ಕೊಡ್ಲಿ?" ಅಂದ ಹುಡುಗ. ದೋಣಿಗೆ ಅಂದೆ. ಮೊಬೈಲಿನಲ್ಲಿ ಫೋಟೋ ತೋರಿಸಿದ ಮೇಲೆ ಅವನೇ ಹಳೇ ಬ್ರೇಕ್ ಕೇಬಲ್ ಕೂಡ ಹುಡುಕಿ ಕೊಟ್ಟ, ನಿಪ್ಪಲ್ ತಿರುಗಿಸುವ ಕೀ ಎರಡು ದಿನಕ್ಕೆ ಕೈಗಡ ಕೊಟ್ಟ.

ಮಾಡಿದ್ದು ಹೀಗೆ. ಕಡ್ಡಿಯ ತಿರುಪಿನ ಮರೆ ಇರುವ ತುದಿಯನ್ನು 4 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಇನ್ನೊಂದು ತುದಿಯನ್ನು ಕೊಕ್ಕೆ ಮಾಡಿ ಮುಂದಿನ ತಂತಿಗೆ ಸಿಕ್ಕಿಸಿದೆ. 6 ಎಂಎಂ ಅಗಲದ ಹಿತ್ತಾಳೆ ಪಟ್ಟಿಯನ್ನು ಇಕ್ಕಳದ ಹಾಗೆ ಎರಡು ಕಾಲು ಬರುವಂತೆ ಬಗ್ಗಿಸಿ, ತಲೆಯಲ್ಲಿ ತೂತು ಹೊಡೆದು, ಒಳಗಿನಿಂದ ನಿಪ್ಪಲ್ ತೂರಿಸಿದೆ. ನಿಪ್ಪಲಿನ ತಲೆ ತೂತಿಗೆ ಸಿಕ್ಕಿಕೊಳ್ಳುತ್ತದೆ. ಪಟ್ಟಿಯ ಎರಡು ಕಾಲಿಗೆ ಅಡ್ಡ ಪಿನ್, ಪಿನ್ನಿಗೆ ಹಿಂದಿನ ತಂತಿ. ನಿಪ್ಪಲ್ ತಿರುಗಿಸಿದರೆ ಕಡ್ಡಿ ಒಳಕ್ಕೆ ಬರುತ್ತದೆ, ಎರಡೂ ತಂತಿ ಬಿಗಿಯುತ್ತವೆ. ಎರಡಕ್ಕೂ ಸೇರಿ ತೂಕ 11 ಗ್ರಾಂ.

ಬಿಗಿ ಮಾಡುವಾಗ ಒಂದೇ ಸಾಲನ್ನು ಪೂರ್ತಿ ಬಿಗಿಸಬೇಡಿ. ನಾನು ಎಡದ್ದನ್ನು ಮೊದಲು ಬಿಗಿಸಿ ಒಡಲು ತಿರುಚಿಕೊಂಡಿತು, ಹಿಂಬದಿ ಮೂಲೆ 2 ಎಂಎಂ ಎದ್ದಿತು. ಸಡಿಲಿಸಿ, ಎಡ ಕಾಲು ಸುತ್ತು ಬಲ ಕಾಲು ಸುತ್ತು ಅಂತ ಹೋದೆ. ತಂತಿಯನ್ನು ಬೆರಳಲ್ಲಿ ಮೀಟಿದರೆ ಎರಡೂ ಒಂದೇ ಸ್ವರ ಕೊಡಬೇಕು. ತಂಬೂರಿ ಶ್ರುತಿ ಮಾಡಿದ ಹಾಗೆ.

ಫೆಬ್ರವರಿ 16ರಿಂದ ಮಾರ್ಚ್ 6: ಮೇಲಿನ ಅಂತಸ್ತುಗಳು

ಇದರ ಬಗ್ಗೆ ಹೆಚ್ಚು ಬರೆಯಲ್ಲ. ಕೆಳಗಿನ ಅಂತಸ್ತಿನಲ್ಲಿ ಬಾಯ್ಲರ್, ಸೌದೆ, ಸರಕು. ಅದರ ಮೇಲೆ ಪ್ರಯಾಣಿಕರ ಕೋಣೆಗಳು. ಅದರ ಮೇಲೆ ಸಿಬ್ಬಂದಿ. ಎಲ್ಲಕ್ಕೂ ಮೇಲೆ ಚುಕ್ಕಾಣಿ ಮನೆ. ಈ ಸಲ ಎಲ್ಲಾ 1 ಎಂಎಂ ಬಾಲ್ಸಾ ಮತ್ತು ದಪ್ಪ ಡ್ರಾಯಿಂಗ್ ಶೀಟ್. ಕಿಟಕಿಗಳನ್ನು ಬ್ಲೇಡಿನಿಂದ ಕೊರೆದೆ, ನಮ್ಮನೆಯವಳು ಅರ್ಧಕ್ಕಿಂತ ಜಾಸ್ತಿ ಕಿಟಕಿ ಕೊರೆದು ಕೊಟ್ಟಳು, ಅವಳ ಕೈ ನನ್ನದಕ್ಕಿಂತ ನೇರ. ಹಾಗ್ ತಂತಿಗಳು ಈ ಅಂತಸ್ತುಗಳನ್ನು ತೂರಿ ಹೋಗುತ್ತವೆ. ಪ್ರತಿ ನೆಲದಲ್ಲೂ ಸೀಳು ಬಿಟ್ಟು, ನಿಪ್ಪಲಿಗೆ ಕೀ ಹೋಗುವಷ್ಟು ಜಾಗ ಇಡಿ. ನಾನು ಮೊದಲು ಅಂಟಿಸಿಬಿಟ್ಟಿದ್ದೆ, ಆಮೇಲೆ ಕೋಣೆಯ ಗೋಡೆಯನ್ನೇ ಕೊಯ್ದು ಬಾಗಿಲು ಮಾಡಬೇಕಾಯಿತು.

ಮೂತಿಯ ಹತ್ತಿರ ಸೌದೆ ರಾಶಿಗೆ ನುಗ್ಗೆ ಕಡ್ಡಿ ಒಣಗಿಸಿ ಕತ್ತರಿಸಿ ಜೋಡಿಸಿದೆ. ಇದು ಬೇಕೇ ಬೇಕು ಅನ್ನಿಸಿತು. ಆ ಹಡಗು ಸೌದೆಯಿಂದಲೇ ಓಡಿದ್ದು. ದಡದುದ್ದಕ್ಕೂ ಸೌದೆ ಕಡಿದು ಒಟ್ಟುವ ಬಿಡಾರಗಳಿದ್ದವು. ವೈಟ್‌ಹಾರ್ಸಿನಿಂದ ಹೊಳೆಯ ಕೆಳಗಿನ ಡಾಸನ್ ಊರಿನವರೆಗೆ ಸುಮಾರು 740 ಕಿಲೋಮೀಟರ್. ಹೊಳೆಯ ಜೊತೆಗೆ ಇಳಿಯಲು 36 ಗಂಟೆ, ಸೌದೆಗೆ ಒಂದೆರಡು ಕಡೆ ನಿಂತರೆ ಸಾಕು. ಎದುರು ಹತ್ತಲು ನಾಲ್ಕೈದು ದಿನ, ಸೌದೆಗೆ ಆರು ಕಡೆ ನಿಲ್ಲಬೇಕು.

ಮಾರ್ಚ್ 9: ಮತ್ತೆ ತೊಟ್ಟಿ

ತೂಕ 2.6 ಕೆಜಿ. ಮುಳುಗಿದ್ದು 1.7 ಸೆಂಟಿಮೀಟರಿಗಿಂತ ಒಂದು ಕೂದಲು ಜಾಸ್ತಿ. ಎರಡು ದಿನ ಬಿಟ್ಟು ದಾರ ಹಿಡಿದೆ: 19.5. ಅರ್ಧ ಮಿಲಿಮೀಟರ್. ಒಳಗೆ ನೀರಿಲ್ಲ. ಎರಡು ಸಲ ಅಳೆದೆ, ನಂಬಿಕೆ ಬರಲಿ ಅಂತ.

ಮಾರ್ಚ್ 23: ತುಂಗೆ, ಮೊದಲ ಸಲ

ಬೇಸಿಗೆಯಲ್ಲಿ ಹೊಳೆ ಇಳಿದಿರುತ್ತದೆ, ದಡದ ಹತ್ತಿರ ಮೊಣಕಾಲುದ್ದ ನೀರು, ಸಣ್ಣ ಸೆಳೆತ. ಒಂದು ಎಲೆ ಬಿಟ್ಟು ನೋಡಿದೆ, 10 ಮೀಟರಿಗೆ 33 ಸೆಕೆಂಡ್. ದೋಣಿಗೆ ನೈಲಾನ್ ದಾರ ಕಟ್ಟಿಯೇ ಬಿಟ್ಟೆ. ದಾರ ಕಟ್ಟದೆ ಹೊಳೆಗೆ ಬಿಡಬೇಡಿ.

ಕೆಳಕ್ಕೆ ಚೆನ್ನಾಗಿ ಹೋಯಿತು. ತಿರುಗಿಸಿ ಮೇಲಕ್ಕೆ ಬಿಟ್ಟರೆ ಚಕ್ರ ತಿರುಗುತ್ತಿದೆ, ದೋಣಿ ಮೆಲ್ಲಗೆ ಹಿಂದಕ್ಕೆ ಬರುತ್ತಿದೆ. ನನ್ನ ಮೋಟಾರ್ ನಿಮಿಷಕ್ಕೆ 100 ಸುತ್ತಿನದು. 9 ಸೆಂಟಿಮೀಟರ್ ಚಕ್ರಕ್ಕೆ ಅಂಚಿನ ವೇಗ ಸೆಕೆಂಡಿಗೆ ಅರ್ಧ ಮೀಟರೂ ಇಲ್ಲ, ಅದರಲ್ಲಿ ಅರ್ಧ ಜಾರಿ ಹೋಗುತ್ತದೆ. ತೊಟ್ಟಿಯ ನಿಂತ ನೀರಲ್ಲಿ ಇದು ಗೊತ್ತೇ ಆಗಿರಲಿಲ್ಲ. ಯೂಕಾನ್‌ನ ಫೈವ್ ಫಿಂಗರ್ ರ‍್ಯಾಪಿಡ್ಸ್ ಅನ್ನುವ ಕಡೆ, ಬಂಡೆಗಳ ನಡುವೆ ನೀರು ನುಗ್ಗುವಲ್ಲಿ, ದೊಡ್ಡ ಸ್ಟೀಮರುಗಳೂ ಬರೀ ಚಕ್ರದಿಂದ ಹತ್ತಲಾರದೆ ಕೇಬಲ್ ಹಿಡಿದು ತಮ್ಮನ್ನು ತಾವೇ ಮೇಲಕ್ಕೆ ಎಳೆದುಕೊಳ್ಳುತ್ತಿದ್ದವು. ನಾನು ದಾರ ಹಿಡಿದು ದೋಣಿಯನ್ನು ಎಳೆದುಕೊಂಡು ಬರುವಾಗ ಅದೇ ನೆನಪಾಯಿತು.

ಎರಡನೇ ತೊಂದರೆ ಚುಕ್ಕಾಣಿ. ಚಕ್ರದ ಮುಂದೆ, ತಳದ ಕೆಳಗೆ ಮೂರು ಚುಕ್ಕಾಣಿ ಇಟ್ಟಿದ್ದೆ. ಹಿಂದಕ್ಕೆ ಓಡಿಸುವಾಗ ಚಕ್ರ ನೀರನ್ನು ಮುಂದಕ್ಕೆ, ಸೀದಾ ಚುಕ್ಕಾಣಿಗಳ ಮೇಲೆ ಎಸೆಯುತ್ತದೆ. ಆಗ ಮಾತು ಚೆನ್ನಾಗಿ ಕೇಳುತ್ತದೆ. ಮುಂದಕ್ಕೆ ಹೋಗುವಾಗ ಕೇಳಲ್ಲ. ಜೊತೆಗೆ ಮಧ್ಯಾಹ್ನದ ಗಾಳಿ ಎತ್ತರದ ಅಂತಸ್ತುಗಳಿಗೆ ಬಡಿದು ಮೂತಿಯನ್ನು ದಡಕ್ಕೆ ತಿರುಗಿಸಿತು. ಕಲ್ಲಿಗೆ ತಾಗಿ ಒಂದು ಚಕ್ರದ ಹಲಗೆ ಮುರಿಯಿತು. ಒಡಲಿಗೆ ಏನೂ ಆಗಲಿಲ್ಲ. ಹಲಗೆ ಬದಲಿಸಲು ಹತ್ತು ನಿಮಿಷ. ನೀರಿನ ಮೇಲೇ ಇರುವ ಚಕ್ರದ ಲಾಭ ಅದು, ಕೆಟ್ಟರೆ ಕೈಗೆ ಸಿಗುತ್ತದೆ.

ಮಾರ್ಚ್ 24ರಿಂದ 29

ಮೋಟಾರ್ ಬದಲಿಸಿ 200 ಸುತ್ತಿನದು ಹಾಕಿದೆ. ತಿರುಪುಗಳನ್ನು ಮರಕ್ಕೆ ಇಳಿಸುವಾಗ ಸೋಪಿಗೆ ಉಜ್ಜಿ ಇಳಿಸಿದೆ, ಮರ ಸೀಳಲ್ಲ, ನಮ್ಮ ಬಡಗಿಗಳ ಹಳೇ ಪದ್ಧತಿ. ಸೋಪು ಅಂದಾಗ ಒಂದು ಮಾತು. ಕ್ಲೊಂಡೈಕನ್ನು 1966ರಲ್ಲಿ ಹಳೇ ಹಡಗುಕಟ್ಟೆಯಿಂದ ಈಗಿನ ಜಾಗಕ್ಕೆ ವೈಟ್‌ಹಾರ್ಸಿನ ಬೀದಿಗಳಲ್ಲೇ ಎಳೆದು ತಂದರು. ಮೂರು ಬುಲ್ಡೋಜರ್, ಹನ್ನೆರಡು ಜನ, ಮೂರು ವಾರ, ಜಾರಲು ಎಂಟು ಟನ್ ಪಾಮೋಲಿವ್ ಸೋಪು. ಅದನ್ನು ಅಲ್ಲಿ ಓದಿದಾಗ ಆಶ್ಚರ್ಯ ಆಗಿತ್ತು, ಈಗ ಒಂದು ತಿರುಪಿಗೆ ಸೋಪು ಉಜ್ಜುವಾಗ ಆ ಜನರ ಮೇಲೆ ಪ್ರೀತಿ ಬಂತು.

ಚಕ್ರದ ಹಿಂದೆ ಎರಡು ಸಣ್ಣ ಚುಕ್ಕಾಣಿ ಸೇರಿಸಿದೆ. ಮಂಕಿ ರಡ್ಡರ್ ಅಂತಾರೆ ಅವಕ್ಕೆ. ಚಕ್ರ ಹಿಂದಕ್ಕೆ ಎಸೆದ ನೀರು ಇವುಗಳ ಮೇಲೆ ಬೀಳುತ್ತದೆ. ಮುಂದಿನ ಮೂರಕ್ಕೆ ಸೇರಿಸಿ ಒಂದೇ ತಂತಿಯಲ್ಲಿ ತಿರುಗುವಂತೆ ಮಾಡಿದೆ, ಚುಕ್ಕಾಣಿ ತಿರುಗಿಸುವ ಸಣ್ಣ ಮೋಟಾರ್, ಅಂದರೆ ಸರ್ವೋ, ಒಂದು ಸಾಲದೆ ಎರಡು ಹಾಕಿದೆ.

ಮಾರ್ಚ್ 31: ಯುಗಾದಿಯ ಮಾರನೇ ದಿನ

ಬೆಳಿಗ್ಗೆ ಆರೂವರೆ, ಗಾಳಿ ಇಲ್ಲ. ದಡದಲ್ಲಿ 10 ಮೀಟರ್ ದೂರಕ್ಕೆ ಎರಡು ಕಡ್ಡಿ ನೆಟ್ಟು ಗಡಿಯಾರ ಹಿಡಿದೆ. ಕೆಳಕ್ಕೆ 13 ಸೆಕೆಂಡ್. ಮೇಲಕ್ಕೆ 59 ಸೆಕೆಂಡ್. ಹತ್ತಿತು! ಬಟ್ಟೆ ಒಗೆಯಲು ಬಂದಿದ್ದ ಇಬ್ಬರು ಕೆಲಸ ಬಿಟ್ಟು ನೋಡುತ್ತಾ ನಿಂತರು. ಎಡ ರಾಡು ಮುಂದೆ ಹೋದಾಗ ಬಲ ರಾಡು ಮೇಲೆ, ಚಕ್ರದಿಂದ ನೀರು ತೊಟ್ಟಿಕ್ಕುತ್ತಾ, ಒಂದು ಮಾರು ಹೋಗಲು ಅಷ್ಟು ಹೊತ್ತು ತೆಗೆದುಕೊಂಡರೂ ನಿಲ್ಲದೆ ಹೊಳೆಗೆ ಎದುರಾಗಿ ಹತ್ತುತ್ತಿತ್ತು. 36 ಗಂಟೆಗೆ ಇಳಿದು ನಾಲ್ಕೈದು ದಿನ ಹತ್ತುವುದು ಅಂದರೆ ಏನು ಅಂತ ಆ 59 ಸೆಕೆಂಡಿನಲ್ಲಿ ಕಂಡೆ.

ಖರ್ಚು

ಪ್ಲೈ ಮತ್ತು ಬಾಲ್ಸಾ 2,150. ಎಪಾಕ್ಸಿ, ಗ್ಲಾಸ್ ಬಟ್ಟೆ 1,240. ಮೋಟಾರ್ ಎರಡು ಸೇರಿ 700, ಅದರಲ್ಲಿ 320 ದಂಡ. ಲಿಥಿಯಂ ಬ್ಯಾಟರಿ ಮತ್ತು ಚಾರ್ಜರ್ 2,300. ರಿಮೋಟ್ ಸೆಟ್ 4,600. ವೇಗ ನಿಯಂತ್ರಕ 550. ಸರ್ವೋ ಎರಡಕ್ಕೆ 280. ಹಿತ್ತಾಳೆ, ಸ್ಟೀಲ್, ಬೇರಿಂಗ್ 860. ಬಣ್ಣ 690. ಸೈಕಲ್ ಶಾಪಿನಲ್ಲಿ 60. ಒಟ್ಟು 13,430 ರೂಪಾಯಿ. ಇಡೀ ದೋಣಿಯ ಬೆನ್ನು ನಿಂತಿರುವುದು ಆ 60 ರೂಪಾಯಿ ಮೇಲೆ.

ಏಪ್ರಿಲ್ 10: ಉಳಿದ ಕೆಲಸ

ಹೆಸರು ಬರೆಯುವುದು ಬಾಕಿ. ಚಿಮಣಿಗೆ ಕಪ್ಪು ಬಣ್ಣ ಎರಡನೇ ಕೈ ಬಾಕಿ. ಕೆಳ ಅಂತಸ್ತಿನಲ್ಲಿ ಅದಿರು ಚೀಲಗಳನ್ನು ಇಡಬೇಕು. ಆ ಹಡಗು ಮೇಯೋ ಅನ್ನುವ ಊರಿನ ಕಡೆಯ ಗಣಿಗಳ ಬೆಳ್ಳಿ ಸೀಸದ ಅದಿರನ್ನು ಚೀಲಗಳಲ್ಲಿ ಹೊತ್ತು ವೈಟ್‌ಹಾರ್ಸಿಗೆ ತರುತ್ತಿತ್ತು. 1950ರ ಆಸುಪಾಸಿನಲ್ಲಿ ಮೇಯೋಗೆ ರಸ್ತೆ ಆಯಿತು, ಅದಿರು ಲಾರಿ ಹತ್ತಿತು. ಕೊನೆಗೆ ಒಂದೆರಡು ವರ್ಷ ಪ್ರವಾಸಿಗರನ್ನು ಕೂರಿಸಿಕೊಂಡು ಓಡಿ 1955ರಲ್ಲಿ ದಡ ಸೇರಿತು. ಅದರ ಜೊತೆಗೆ ವೈಟ್‌ಹಾರ್ಸಿನ ದಡದಲ್ಲಿ ನಿಂತಿದ್ದ ಕಾಸ್ಕಾ ಮತ್ತು ವೈಟ್‌ಹಾರ್ಸ್ ಅನ್ನುವ ಇನ್ನೆರಡು ಸ್ಟೀಮರುಗಳು 1974ರಲ್ಲಿ ಬೆಂಕಿಗೆ ಹೋದವು. ಇದು ಉಳಿಯಿತು.

ಚೀಲ ಹೊಲಿಯಲು ಹಳೇ ಪಂಚೆಯ ಬಟ್ಟೆ ತೆಗೆದಿಟ್ಟಿದ್ದೇನೆ. ಒಳಗೆ ಮರಳು, ಚೀಲಕ್ಕೆ 4 ಗ್ರಾಂ. ಅವನ್ನು ನಡುಭಾಗಕ್ಕೆ ಇಟ್ಟರೆ ಉಬ್ಬುವ ಬೆನ್ನನ್ನು ಕೆಳಕ್ಕೆ ಒತ್ತುತ್ತವೆ, ಆಗ ತಂತಿ ಸ್ವಲ್ಪ ಸಡಿಲಿಸಬೇಕಾದೀತು. ಖಾಲಿ ಇದ್ದಾಗ ಒಂದು ಬಿಗಿ, ತುಂಬಿದಾಗ ಒಂದು ಬಿಗಿ. ನಿನ್ನೆ ಸಂಜೆ 20 ಚೀಲದಷ್ಟು ಮರಳನ್ನು ಪ್ಲಾಸ್ಟಿಕ್ ಕವರಿನಲ್ಲಿ ನಡುವೆ ಇಟ್ಟು ದಾರ ಹಿಡಿದೆ. 20.3 ತೋರಿಸಿತು. ಎಡಕ್ಕೆ ಕಾಲು ಸುತ್ತು, ಬಲಕ್ಕೆ ಕಾಲು ಸುತ್ತು ಸಡಿಲಿಸಿ ಮೀಟಿ ನೋಡಿ ಮಲಗಿದೆ.